ಮೊದಲು ತೂಕ, ಆಮೇಲೆ ಹಾರಾಟ

ರೇಡಿಯೋ ಗ್ಲೈಡರ್, ಅಂದರೆ ನೆಲದಿಂದ ರೇಡಿಯೋ ಮೂಲಕ ನಡೆಸುವ ಎಂಜಿನ್ ಇಲ್ಲದ ಮಾದರಿ ವಿಮಾನ, ಹಾರಿಸಲು ಕಲಿಯ ಹೊರಟವರ ಕೈಗೆ ಸಾಮಾನ್ಯವಾಗಿ ಸಿಗುವುದು 2 ಮೀಟರ್ ರೆಕ್ಕೆಯ, ಎರಡೇ ಚಾನೆಲ್‌ನ ಮಾದರಿ. ನನ್ನದೂ ಅದೇ. ಬಾಲದಲ್ಲಿ ಮೂತಿಯನ್ನು ಎಡ ಬಲ ಹೊರಳಿಸುವ ರಡ್ಡರ್, ಮೇಲೆ ಕೆಳಗೆ ಮಾಡುವ ಎಲಿವೇಟರ್, ಒಂದೊಂದಕ್ಕೆ ಒಂದು ಚಾನೆಲ್. ರೆಕ್ಕೆಯಲ್ಲಿ ಅಲುಗುವ ಭಾಗವೇ ಇಲ್ಲ. ರೆಕ್ಕೆಯ ಎರಡೂ ತುದಿ ಮೇಲಕ್ಕೆ ಬಾಗಿರುವುದರಿಂದ, ರಡ್ಡರ್ ಕೊಟ್ಟು ಮೂತಿ ಪಕ್ಕಕ್ಕೆ ಹೊರಳಿದೊಡನೆ ಹೊರಬದಿಯ ರೆಕ್ಕೆ ಹೆಚ್ಚು ಮೇಲೆತ್ತಿಕೊಳ್ಳುತ್ತದೆ, ವಿಮಾನ ವಾಲಿ ತಿರುಗುತ್ತದೆ. ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನ ಸ್ಟಿಕ್ ಬಿಟ್ಟರೆ ನಿಧಾನವಾಗಿ ತಾನೇ ಸಮಸ್ಥಿತಿಗೆ ಬರುತ್ತದೆ. ಕಲಿಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಮೊದಲ ದಿನ ಮೈದಾನಕ್ಕೆ ಹೋದಾಗ ತಣ್ಣಗೆ ಗಾಳಿ ಬೀಸುತ್ತಿತ್ತು. ಕಲಿಸಲು ಒಪ್ಪಿದ್ದ ಹಿರಿಯರು ಗ್ಲೈಡರನ್ನು ತಲೆಯ ಮೇಲೆತ್ತಿ, ಎರಡು ಬೆರಳ ತುದಿಯಲ್ಲಿ ರೆಕ್ಕೆಯ ಕೆಳಗೆ ಆನಿಸಿ ನಿಲ್ಲಿಸಿದರು. ರೆಕ್ಕೆಯ ಮುಂಚೂಣಿಯಿಂದ ಅಗಲದ ಸುಮಾರು ಮೂರನೇ ಒಂದು ಭಾಗದಷ್ಟು ಹಿಂದೆ ಬೆರಳಿಟ್ಟರೆ ಮೂತಿ, ಬಾಲ ಎರಡೂ ಸಮನಾಗಿ ನಿಲ್ಲಬೇಕು. ಬಾಲ ಕೆಳಗಿಳಿಯಿತು. ಮೂತಿಯ ಮುಚ್ಚಳ ತೆಗೆದು ಬ್ಯಾಟರಿಯ ಮುಂದೆ ಸೀಸದ ಒಂದು ಚೂರು ಅಂಟಿಸಿದರು. ಇನ್ನೂ ಸಾಲದು, ಮತ್ತೊಂದು ಚೂರು. ಬಾಲ ಭಾರವಾದ ಗ್ಲೈಡರ್ ಹತೋಟಿಗೆ ಸಿಗುವುದಿಲ್ಲ, ಮೂತಿ ಸ್ವಲ್ಪ ಭಾರವಾದರೆ ಚುರುಕು ಕಡಿಮೆಯಾದೀತು ಅಷ್ಟೇ. ಹಾಗಾಗಿ ಕಲಿಯುವಾಗ ಮುಂದಕ್ಕೇ ಇರಲಿ ಅಂದರು.

ಟ್ರಾನ್ಸ್‌ಮಿಟರ್ ಮೊದಲು ಆನ್, ಆಮೇಲೆ ವಿಮಾನದ ರಿಸೀವರ್. ಆಫ್ ಮಾಡುವಾಗ ಉಲ್ಟಾ. ಸ್ಟಿಕ್ ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೇ ಹೊರಳುತ್ತದೆಯೇ ಎಂದು ಹಿಂದಿನಿಂದ ನಿಂತು ನೋಡಿಸಿದರು.

“ಸರ್, ಎಸೆಯಲಾ?”

“ಎಸೀಬೇಡಿ, ಮುಂದಕ್ಕೆ ನೂಕಿ. ಮೂತಿ ಮೇಲೆತ್ತಬೇಡಿ, ದೂರದ ಆ ಮರದ ಬುಡ ನೋಡ್ಕೊಂಡು ಬಿಡಿ.”

ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ ಬಿಟ್ಟೆ. ಸದ್ದೇ ಇಲ್ಲ. ಹುಲ್ಲಿನ ಮೇಲೆ ಎದೆಯೆತ್ತರದಲ್ಲಿ ಜಾರಿಕೊಂಡು ಹೋಗಿ ಹೊಟ್ಟೆ ತಾಗಿಸಿ ನಿಂತಿತು. ನಾನು ಸ್ಟಿಕ್ ಮುಟ್ಟಿಯೇ ಇರಲಿಲ್ಲ! ಆ ಕ್ಷಣದ ಖುಷಿಯನ್ನು ಈಗಲೂ ಹಾಗೇ ಹೇಳಬಲ್ಲೆ. ಸ್ಟಿಕ್ ಮುಟ್ಟದಾಗ ರಡ್ಡರ್, ಎಲಿವೇಟರ್ ನಿಲ್ಲುವ ಜಾಗವನ್ನು ತುಸುವೇ ಬದಲಿಸುವ ಟ್ರಿಮ್ ಅನ್ನು ಒಂದೊಂದೇ ಕ್ಲಿಕ್ ಸರಿಸುತ್ತಾ ಮತ್ತೆ ಮತ್ತೆ ಬಿಟ್ಟೆವು.

ಎತ್ತರಕ್ಕೆ ಕಳಿಸಿದ್ದು ಹೈಸ್ಟಾರ್ಟ್‌ನಿಂದ. ನೆಲಕ್ಕೆ ಗೂಟ ಹೊಡೆದು ಸುಮಾರು 30 ಮೀಟರ್ ರಬ್ಬರ್ ಟ್ಯೂಬ್, ಅದರ ತುದಿಗೆ 120 ಮೀಟರ್ ದಾರ, ದಾರದ ಕೊನೆಯ ಉಂಗುರ ಗ್ಲೈಡರ್ ಹೊಟ್ಟೆಯ ಕೊಕ್ಕೆಗೆ. ಹಿಂದಕ್ಕೆ ಎಳೆದು ಬಿಟ್ಟರೆ ಗಾಳಿಪಟದ ಹಾಗೆ ಮೇಲೇರಿ, ಎಳೆತ ಸಡಿಲಾದಾಗ ಉಂಗುರ ಕಳಚುತ್ತದೆ. ಅಲ್ಲಿಂದ ಮುಂದೆ ಎಲ್ಲ ನಮ್ಮದೇ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ತಲೆಕೆಳಗಾಗುತ್ತದೆ. ಅದಕ್ಕೆ ಅವರು ಕಲಿಸಿದ ಉಪಾಯ, ಯಾವ ರೆಕ್ಕೆ ಕೆಳಗಿದೆಯೋ ಸ್ಟಿಕ್ಕನ್ನು ಅದೇ ಕಡೆ ತಳ್ಳುವುದು, ಅದಕ್ಕೆ ಆಸರೆ ಕೊಟ್ಟ ಹಾಗೆ. ಯೋಚಿಸಲು ಪುರುಸೊತ್ತಿಲ್ಲದಾಗ ಇದು ಕೈಹಿಡಿಯುತ್ತದೆ.

ಬಿಸಿಲೇರಿದ ಮೇಲೆ ಒಮ್ಮೆ ಬಲರೆಕ್ಕೆಯ ತುದಿ ನಾನೇನೂ ಮಾಡದೆಯೇ ಮೇಲೆದ್ದಿತು.

“ಬಲಕ್ಕೆ, ಬಲಕ್ಕೇ ತಿರುಗಿಸಿ! ಏಳ್ತಾ ಇರೋದು ಆ ಕಡೆ.”

ಕಾದ ನೆಲದಿಂದ ಏಳುವ ಬಿಸಿಗಾಳಿ, ಥರ್ಮಲ್. ಅದು ರೆಕ್ಕೆಯನ್ನು ಆಚೆಗೆ ತಳ್ಳುತ್ತದೆ, ನಾವು ಅದರೊಳಕ್ಕೇ ತಿರುಗಬೇಕು. ತಿರುಗಿಸಿದೆ. ಇಳಿಯುತ್ತಿದ್ದ ಗ್ಲೈಡರ್ ಸುತ್ತು ಹೊಡೆಯುತ್ತಾ ಏರತೊಡಗಿತು. ಸ್ವಲ್ಪ ಹೊತ್ತಿಗೆ ಹದ್ದೊಂದು ಬಂದು ಅದೇ ಗಾಳಿಯಲ್ಲಿ, ನಮಗಿಂತ ಕೆಳಗೆ, ಸುತ್ತತೊಡಗಿತು. ಎಂಜಿನ್ ಇರುವ ಮಾದರಿಗಳನ್ನು ಹಾರಿಸುವವರ ಬಗ್ಗೆ ನನಗೆ ಗೌರವವಿದೆ, ಆದರೆ ಈ ಜೊತೆ ನನಗೆ ಗ್ಲೈಡರಿನಲ್ಲೇ ಬೇಕು.

ಅಷ್ಟು ಎತ್ತರ ಸಿಕ್ಕಿದ್ದು ತೂಕದ ಪರೀಕ್ಷೆಗೂ ಒದಗಿತು. ಮೂತಿಯನ್ನು ಇಳಿಜಾರಾಗಿ ಕೆಳಕ್ಕೆ ಕೊಟ್ಟು ಸ್ಟಿಕ್ ಬಿಟ್ಟೆ. ಥಟ್ಟನೆ ಮೇಲಕ್ಕೆ ಎತ್ತಿಕೊಂಡಿತು. ಮೂತಿ ಭಾರ ಹೆಚ್ಚು ಎಂದರ್ಥ. ಇನ್ನಷ್ಟು ಕೆಳಕ್ಕೇ ಮುಗ್ಗರಿಸಿದ್ದರೆ ಬಾಲ ಭಾರ. ಗಾಳಿಗೆ ಎದುರಾಗಿ ಇಳಿಸಿ, ಬೆಳಿಗ್ಗೆ ಅಂಟಿಸಿದ್ದ ಸೀಸದಲ್ಲಿ ಸಣ್ಣ ತುಣುಕು ಕತ್ತರಿಸಿ ತೆಗೆದು, ಎಲಿವೇಟರ್ ಟ್ರಿಮ್ ಒಂದು ಕ್ಲಿಕ್ ಕೆಳಗಿಳಿಸಿದೆವು. ಮುಂದಿನ ಸಲ ಅದೇ ಪರೀಕ್ಷೆಯಲ್ಲಿ ಗ್ಲೈಡರ್ ನಿಧಾನವಾಗಿ, ಉದ್ದಕ್ಕೆ ಬಾಗಿ ಸಮನಾಯಿತು. “ಇದನ್ನ ಬರೆದಿಟ್ಕೊಳ್ಳಿ, ಬೆರಳು ಎಲ್ಲಿ ನಿಲ್ತು ಅಂತ” ಅಂದರು. ರೆಕ್ಕೆಯ ಅಡಿಯಲ್ಲಿ ಪೆನ್ನಿನಿಂದ ಗೆರೆ ಎಳೆದುಕೊಂಡೆ.