ಆರ್ಬಿಟ್ರಾಲ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಈಗಿನ ಹೆಚ್ಚಿನ ಪವರ್ ಸ್ಟೇರಿಂಗ್ ಟ್ರ್ಯಾಕ್ಟರುಗಳಲ್ಲಿ ಮತ್ತು ಭತ್ತ ಕೊಯ್ಯುವ ಹಾರ್ವೆಸ್ಟರುಗಳಲ್ಲಿ ಚಾಲಕನ ಕೈಯಲ್ಲಿರುವ ಸ್ಟೇರಿಂಗಿಗೂ ತಿರುಗುವ ಚಕ್ರಗಳಿಗೂ ನಡುವೆ ಯಾವ ಸರಳೂ ಇಲ್ಲ, ಗೇರೂ ಇಲ್ಲ. ಅವೆರಡನ್ನು ಜೋಡಿಸಿರುವುದು ಹೋಸುಗಳಲ್ಲಿ ಹರಿಯುವ ಎಣ್ಣೆ. ಆ ಎಣ್ಣೆ ಯಾವ ಕಡೆಗೆ, ಎಷ್ಟು ಹೋಗಬೇಕೆಂದು ಅಳೆದು ಕೊಡುವುದು ಸ್ಟೇರಿಂಗ್ ಕಂಬದ ಬುಡದಲ್ಲಿ ಕುಳಿತಿರುವ, ಒಂದು ಕೈಯಲ್ಲಿ ಎತ್ತಬಹುದಾದಷ್ಟು ಚಿಕ್ಕ ಯೂನಿಟ್ಟು. ಅಮೆರಿಕದ ಲಿನ್ ಚಾರ್ಲ್‌ಸನ್ ರೂಪಿಸಿದ ಈ ಸಾಧನದ ವ್ಯಾಪಾರಿ ಹೆಸರು ಆರ್ಬಿಟ್ರಾಲ್. ಈಗ ಯಾವ ಕಂಪನಿಯ ಯೂನಿಟ್ಟು ಬಂದರೂ ನಮ್ಮ ಗ್ಯಾರೇಜುಗಳಲ್ಲಿ ಅದೇ ಹೆಸರು. ಸಿಂಧನೂರು, ಗಂಗಾವತಿ ಕಡೆಯ ಕೆಸರುಗದ್ದೆಗಳಲ್ಲಿ ದುಡಿಯುವ ಗಾಡಿಗಳ ಸ್ಟೇರಿಂಗ್ ಕೆಟ್ಟಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಇದರ ಮೇಲೆಯೇ. ಆದರೆ ಇದನ್ನು ಬಿಚ್ಚುವುದು ಕೊನೆಯ ಕೆಲಸವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಟೇರಿಂಗ್ ಭಾರವಾಗಿದೆ ಎಂದು ಗಾಡಿ ಬಂದರೆ ಎಣ್ಣೆಯ ಮಟ್ಟ ಮತ್ತು ಬಣ್ಣ, ಮುಂದಿನ ಟೈರುಗಳ ಗಾಳಿ, ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ನಿನ ಗ್ರೀಸು, ಪಂಪಿನ ಒತ್ತಡ ಇವಿಷ್ಟನ್ನೂ ನೋಡಿದ ಮೇಲೆಯೇ ಯೂನಿಟ್ಟಿನ ಸರದಿ. ಎಣ್ಣೆ ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ, ನೊರೆ ಕಟ್ಟಿದ್ದರೆ ಪಂಪು ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಗೇಜು ಕಟ್ಟಿ, ಚಕ್ರವನ್ನು ಒಂದು ಕೊನೆಗೆ ತಿರುಗಿಸಿ ಕ್ಷಣ ಹೊತ್ತು ಹಿಡಿದರೆ ಮಿತಿ ಮೀರಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತಿದೆ ಎಂಬುದು ಕಾಣುತ್ತದೆ. ಕೈಪಿಡಿಯಲ್ಲಿರುವ ಅಂಕಿಗೆ ಅದು ಮುಟ್ಟದಿದ್ದರೆ ಪಂಪು ಅಥವಾ ವಾಲ್ವಿನ ಕಡೆ ಹೋಗಬೇಕೇ ಹೊರತು ಸೀಲ್ ಕಿಟ್ ತರಲು ಅಂಗಡಿಗೆ ಓಡಬಾರದು.

ಕೊನೆ ಮುಟ್ಟಿದ ಮೇಲೂ ಸ್ಟೇರಿಂಗು ಮೆಲ್ಲಗೆ ಜಾರುತ್ತಾ ತಿರುಗುತ್ತಲೇ ಇರುವ ದೂರಿಗೆ ಎರಡು ಕಾರಣಗಳಿರಬಹುದು: ಎಣ್ಣೆಯ ಒತ್ತಡದಿಂದ ಚಕ್ರಗಳನ್ನು ತಿರುಗಿಸುವ ಸಿಲಿಂಡರಿನ ಪಿಸ್ಟನ್ ಸೀಲ್ ಸವೆದಿರಬಹುದು, ಇಲ್ಲವೇ ಯೂನಿಟ್ಟಿನ ಒಳಗೇ ಎಣ್ಣೆ ಸೋರುತ್ತಿರಬಹುದು. ಇಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಸಿಲಿಂಡರಿಗೆ ಹೋಗುವ ಎರಡು ಹೋಸುಗಳನ್ನು ತೆಗೆದು, ಯೂನಿಟ್ಟಿನ ಎಡ ಬಲ ಪೋರ್ಟುಗಳಿಗೆ ಒತ್ತಡ ತಾಳುವ ಉಕ್ಕಿನ ಪ್ಲಗ್ ಹಾಕಿ ಮತ್ತೆ ತಿರುಗಿಸಿ ನೋಡಬೇಕು. ಈಗಲೂ ಸರಾಗವಾಗಿ ತಿರುಗಿದರೆ ದೋಷ ಯೂನಿಟ್ಟಿನದು. ಬಿಗಿಯಾಗಿ ನಿಂತರೆ ಸಿಲಿಂಡರಿನದು. ಇನ್ನು, ಮೇಲಿನ ಶಾಫ್ಟ್ ಸೀಲ್ ಹೊಸದು ಹಾಕಿದರೂ ಮತ್ತೆ ಮತ್ತೆ ಸೋರುವ ಗಾಡಿಗಳಲ್ಲಿ ಸೀಲನ್ನು ಬೈಯುವ ಮೊದಲು ರಿಟರ್ನ್ ಲೈನು ಮತ್ತು ಅದರ ಫಿಲ್ಟರನ್ನು ನೋಡಬೇಕು. ಆ ದಾರಿ ಕಟ್ಟಿಕೊಂಡರೆ ಮರಳುವ ಎಣ್ಣೆಯ ಒತ್ತಡವೆಲ್ಲ ಆ ಸೀಲಿನ ಮೇಲೆ ಬೀಳುತ್ತದೆ, ಎಷ್ಟು ಒಳ್ಳೆಯ ಸೀಲಾದರೂ ತಾಳುವುದಿಲ್ಲ.

ಇಷ್ಟಾದ ಮೇಲೂ ದೋಷ ಯೂನಿಟ್ಟಿನ ಒಳಗೇ ಇದೆ ಎಂದು ಖಚಿತವಾದರೆ ಬಿಚ್ಚಲೇಬೇಕು. ಒಳಗಿರುವುದು ಮುಖ್ಯವಾಗಿ ಎರಡು ಭಾಗ. ಮೇಲೆ ಒಂದರೊಳಗೊಂದು ಕೂರುವ ಸ್ಪೂಲ್ ಮತ್ತು ಸ್ಲೀವ್: ಒಳಗಿನದು ಸ್ಪೂಲ್, ಅದನ್ನು ಸುತ್ತುವರಿದ ಕೊಳವೆ ಸ್ಲೀವ್. ಕೆಳಗೆ 7 ಉಬ್ಬುಗಳ ಹೊರ ರಿಂಗಿನೊಳಗೆ ಸುತ್ತುವ 6 ಹಲ್ಲುಗಳ ರೋಟರ್. ಸ್ಟೇರಿಂಗ್ ತಿರುಗಿದಾಗ ಸ್ಪೂಲು ಸ್ಲೀವಿಗಿಂತ ಕೆಲವೇ ಡಿಗ್ರಿ ಮುಂದೆ ಸರಿದು ಎಣ್ಣೆಯ ದಾರಿ ತೆರೆಯುತ್ತದೆ. ಆ ಎಣ್ಣೆ ರೋಟರನ್ನು ಸುತ್ತಿಸಿ, ಅಳತೆಯಾಗಿ ಸಿಲಿಂಡರಿಗೆ ಹೋಗುತ್ತದೆ. ರೋಟರು ಕಾರ್ಡನ್ ಶಾಫ್ಟು ಎಂಬ ಸಣ್ಣ ಸರಳು ಮತ್ತು ಅಡ್ಡ ಪಿನ್ನಿನ ಮೂಲಕ ಸ್ಲೀವನ್ನೂ ತಿರುಗಿಸಿಕೊಂಡು ಬರುತ್ತದೆ. ಕೈ ನಿಂತೊಡನೆ ಎಲೆ ಸ್ಪ್ರಿಂಗುಗಳು ಸ್ಪೂಲನ್ನೂ ಸ್ಲೀವನ್ನೂ ನಡುವಿಗೆ ತಂದು ದಾರಿ ಮುಚ್ಚುತ್ತವೆ. 100 ಸಿಸಿಯ ಯೂನಿಟ್ಟು ಒಂದು ಸುತ್ತಿಗೆ 100 ಸಿಸಿ ಎಣ್ಣೆ ಕಳಿಸುತ್ತದೆ. ಸಿಲಿಂಡರಿಗೆ 400 ಸಿಸಿ ಬೇಕಿದ್ದರೆ ಈ ಕೊನೆಯಿಂದ ಆ ಕೊನೆಗೆ ಸುಮಾರು 4 ಸುತ್ತು. ಇಂಜಿನ್ ನಿಂತುಹೋದರೂ ಇದೇ ರೋಟರು ಕೈಪಂಪಿನಂತೆ ಕೆಲಸ ಮಾಡಿ, ಕಷ್ಟದಿಂದಲಾದರೂ ಗಾಡಿಯನ್ನು ಬದಿಗೆ ತರುವಷ್ಟು ಹಿಡಿತ ಉಳಿಸುತ್ತದೆ. ಈ ಒಂದು ಗುಣಕ್ಕಾಗಿಯೇ ಈ ಯಂತ್ರದ ಮೇಲೆ ನನಗೆ ಅಪಾರ ಗೌರವ.

ಒಮ್ಮೆ ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲಿನ ಕೆಲಸ ಮುಗಿಸಿ ಬಂದ ಟ್ರ್ಯಾಕ್ಟರೊಂದರ ಚಾಲಕ, "ಕೈ ಬಿಟ್ರೂ ಸ್ಟೇರಿಂಗ್ ತಿರಗಾಕ ಹತ್ತೈತ್ರಿ ಅಣ್ಣಾರ, ರೋಡಿಗೆ ಒಯ್ಯಾಕ ಅಂಜಿಕಿ ಆಗತೈತಿ" ಎಂದು ಹೇಳಿದ. ಅವನ ಅಂಜಿಕೆ ನ್ಯಾಯವಾದದ್ದೇ. ನಡುವಿಗೆ ಮರಳದ ಸ್ಟೇರಿಂಗ್ ಗಾಡಿಯನ್ನು ತಾನಾಗಿಯೇ ಒಂದು ಬದಿಗೆ ಎಳೆಯುತ್ತದೆ. ಸ್ಪ್ರಿಂಗ್ ಮುರಿದಿರಬೇಕು ಎಂದುಕೊಂಡು ಬಿಚ್ಚಿದರೆ ಸ್ಪ್ರಿಂಗುಗಳು ಇಡಿಯಾಗಿದ್ದವು. ಸ್ಪೂಲನ್ನು ಸ್ಲೀವಿನಿಂದ ಮೆಲ್ಲಗೆ ಹೊರಳಿಸುತ್ತಾ ಎಳೆದು ಕಿಟಕಿಯ ಬೆಳಕಿಗೆ ಹಿಡಿದಾಗ, ಎಣ್ಣೆ ಹರಿಯುವ ತೋಡಿನ ಅಂಚಿನಲ್ಲಿ ಕೂದಲಿಗಿಂತ ಸಣ್ಣದಾದ ಕಪ್ಪು ರಬ್ಬರಿನ ಎಳೆಯೊಂದು ಅಂಟಿಕೊಂಡಿತ್ತು. ಸ್ವಲ್ಪ ದಿನಗಳ ಹಿಂದೆ ಹೋಸ್ ಕತ್ತರಿಸಿ ಫಿಟ್ಟಿಂಗ್ ಹಾಕಿಸಿದ್ದರು. ಒಳಗನ್ನು ಗಾಳಿ ಹಿಡಿದು ಶುಚಿ ಮಾಡಿರಲಿಲ್ಲ. ಸ್ಪೂಲಿಗೂ ಸ್ಲೀವಿಗೂ ನಡುವಿನ ಸಂದು ಕೆಲವೇ ಮೈಕ್ರಾನ್ ಆದ್ದರಿಂದ ಸ್ಪೂಲು ಸಿಕ್ಕಿಕೊಳ್ಳಲು ಅಷ್ಟು ಸಾಕು. ಎಳೆ ತೆಗೆದ ಮೇಲೆ ಆ ಜಾಗದ ಮೇಲೆ ಉಗುರು ಆಡಿಸಿದೆ, ಎಲ್ಲಿಯೂ ತಡೆಯಲಿಲ್ಲ. ಉಗುರಿಗೆ ಗೀರು ತಗುಲಿದ್ದರೆ ಆ ಯೂನಿಟ್ಟನ್ನೇ ಬದಲಿಸಬೇಕಿತ್ತು, ಏಕೆಂದರೆ ಎಮರಿ ಕಾಗದದಲ್ಲಿ ಉಜ್ಜಿದ ಸ್ಪೂಲು ಸಡಿಲವಾಗುತ್ತದೆ. ಇನ್ನೊಂದು ಯೂನಿಟ್ಟಿನ ಸ್ಪೂಲನ್ನು ಇದರ ಸ್ಲೀವಿಗೆ ಹಾಕುವಂತೆಯೂ ಇಲ್ಲ, ಅವು ಜೋಡಿಯಾಗಿಯೇ ತಯಾರಾದವು.

ಮರುಜೋಡಣೆಯಲ್ಲಿ ನೂಲು ಬಿಡುವ ಕಾಟನ್ ವೇಸ್ಟನ್ನು ಮೇಜಿನ ಹತ್ತಿರವೂ ಇಟ್ಟುಕೊಳ್ಳಬಾರದು. ಭಾಗಗಳನ್ನು ತೊಳೆದು, ಒಣ ಗಾಳಿ ಹಿಡಿದು, ಹೈಡ್ರಾಲಿಕ್ ಎಣ್ಣೆ ಸವರಿ ಕೂರಿಸಬೇಕು. ಸ್ಪ್ರಿಂಗ್ ಬದಲಿಸುವುದಾದರೆ ಇಡೀ ಕಟ್ಟನ್ನೇ ಬದಲಿಸಬೇಕು. ಆದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಟೈಮಿಂಗ್ ಹೊಂದಿಸುವಲ್ಲಿ, ಅಂದರೆ ಶಾಫ್ಟನ್ನೂ ರೋಟರನ್ನೂ ಸರಿಯಾದ ನೇರಕ್ಕೆ ಕೂಡಿಸುವಲ್ಲಿ. ಕಾರ್ಡನ್ ಶಾಫ್ಟಿನ ಮೇಲ್ತುದಿಯಲ್ಲಿ ಪಿನ್ ಕೂರುವ ಸೀಳಿದೆ. ಆ ಸೀಳಿನ ನೇರಕ್ಕೆ ಶಾಫ್ಟಿನ ಕೆಳತುದಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ರೋಟರಿನ ಎರಡು ಹಲ್ಲುಗಳ ನಡುವಿನ ತಗ್ಗು ಆ ಗೆರೆಗೆ ಎದುರಾಗುವಂತೆ, ಆ ಯೂನಿಟ್ಟಿನ ಕೈಪಿಡಿಯ ಚಿತ್ರಕ್ಕೆ ತಾಳೆ ನೋಡಿ ಕೂರಿಸಬೇಕು. ಇದು ತಪ್ಪಿದರೆ ಯೂನಿಟ್ಟು ಪಂಪಾಗುವ ಬದಲು ಮೋಟರಾಗುತ್ತದೆ: ಇಂಜಿನ್ ಶುರುವಾದ ಮೇಲೆ ಸ್ಟೇರಿಂಗು ತಾನೇ ತಾನಾಗಿ ರಭಸದಿಂದ ಸುತ್ತತೊಡಗಬಹುದು, ಕಡ್ಡಿಗಳ ನಡುವೆ ಕೈಯಿಟ್ಟವನ ಮಣಿಕಟ್ಟು ಮುರಿಯಬಹುದು. ಗೆರೆ ಎಳೆಯುವ ತಾಳ್ಮೆಯಿಲ್ಲದವರು ಈ ಕೆಲಸಕ್ಕೆ ಕೈಹಾಕಬಾರದು ಎಂದು ನಾನು ನಮ್ಮ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕೆಳಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಯಬೇಕು. ಹೆಚ್ಚು ಬಿಗಿದರೆ ರೋಟರ್ ಸಿಕ್ಕಿಕೊಂಡು ಸ್ಟೇರಿಂಗ್ ಮತ್ತೆ ಭಾರವಾಗುತ್ತದೆ.

ಗಾಡಿಗೆ ಕಟ್ಟಿದ ಮೇಲೆ ತಿರುಗುವ ಆಕ್ಸಲನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸ್ಟೇರಿಂಗಿನ ಮೇಲೆ ಯಾರ ಕೈಯೂ ಇಲ್ಲದಂತೆ ನೋಡಿಕೊಂಡು ಇಂಜಿನ್ನನ್ನು ಐಡಲಿನಲ್ಲಿ ಶುರು ಮಾಡಬೇಕು. ಸ್ಟೇರಿಂಗು ಅಲುಗದೆ ನಿಂತರೆ ಮಾತ್ರ ಹಿಡಿದು, ಎರಡೂ ಕೊನೆಗಳ ನಡುವೆ ನಿಧಾನವಾಗಿ ತಿರುಗಿಸಿ ಗಾಳಿ ಬಿಡಿಸಬೇಕು. ಎಣ್ಣೆ ಇಳಿದಂತೆ ತುಂಬುತ್ತಾ ಹೋಗಬೇಕು. ಸೋರಿಕೆ ಹುಡುಕಲು ಬೆರಳು ಸವರುವುದು ಬೇಡ, ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿದರೆ ಸಾಕು. ಆ ಟ್ರ್ಯಾಕ್ಟರಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿ, ಹೋಸುಗಳನ್ನು ಒಳಗಿಂದ ತೊಳೆದು ಕಳಿಸಿದೆ. ಒಂದು ವಾರ ದುಡಿದ ಮೇಲೆ ಫಿಲ್ಟರನ್ನು ಬಿಚ್ಚಿ ನೋಡಲು ಗಾಡಿ ತರಬೇಕೆಂದು ಚಾಲಕನಿಗೆ ಹೇಳಿದ್ದೆ, ತಂದ. ಫಿಲ್ಟರಿನ ತಳದಲ್ಲಿ ಅದೇ ರಬ್ಬರಿನ ಇನ್ನಷ್ಟು ಪುಡಿ ಸಿಕ್ಕಿತು.