ತೆಳು ಗಂಜಿಯಿಂದ ಕೂಸಿನ ಹೊಟ್ಟೆ ತುಂಬುವುದಿಲ್ಲ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಬಾಣಂತಿಯರಿಂದ ಪದೇ ಪದೇ ಕೇಳಿಬರುವ ಮಾತು ‘ಹಾಲು ಸಾಕಾಗ್ತಿಲ್ಲ’. ಈ ಅನುಮಾನ ಹುಟ್ಟುವುದು ಹೆಚ್ಚಾಗಿ ಕೂಸಿನ ಅಳುವಿನಿಂದ. ಸಂಜೆ ಹೊತ್ತು ಕೂಸು ಬಿಡದೆ ಮೊಲೆ ಕೇಳುವುದು, ಒಂದೆರಡು ತಿಂಗಳಿಗೆ ಮೊಲೆ ಮೆತ್ತಗಾಗುವುದು ಎರಡೂ ಸಹಜ, ಹಾಲು ಬತ್ತಿದ ಗುರುತಲ್ಲ. ನೋಡಬೇಕಾದದ್ದು ಉಚ್ಚೆ ಮತ್ತು ತೂಕ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಹುಟ್ಟಿದಾಗಿನ ತೂಕ ಎರಡು ವಾರದೊಳಗೆ ಮರಳಿ ಬಂದು, ಮುಂದಿನ ಮೂರು ತಿಂಗಳು ತಿಂಗಳಿಗೆ ಅರ್ಧ ಕಿಲೋಗಿಂತ ಹೆಚ್ಚು ಏರುತ್ತಿದ್ದರೆ ಹಾಲು ಸಾಕು. ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸಿ, ಆ ಗೆರೆಯನ್ನೇ ನಂಬಿ. ಗೆರೆ ಏರದಿದ್ದರೆ ವೈದ್ಯರಿಗೆ ತೋರಿಸಿ.

ಅನುಮಾನದಿಂದ ಒಂದು ಬಾಟಲಿ ಹಾಲು ಕೊಟ್ಟರೆ ಕೂಸು ಅಷ್ಟು ಹೊತ್ತು ಮೊಲೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಏಪ್ರಿಲ್–ಮೇ ಸೆಕೆಯಲ್ಲಿ ನೀರು ಕುಡಿಸುವುದೂ ಇದೇ ದಾರಿ. ತಾಯಿಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ, ಆರು ತಿಂಗಳವರೆಗೆ ಬೇರೆ ನೀರು ಬೇಡ.

ಆರು ತಿಂಗಳು ತುಂಬಿದ ಮೇಲೆ ಅವಸರ ಹೋಗಿ ಅಂಜಿಕೆ ಶುರುವಾಗುತ್ತದೆ. ‘ಗಂಟಲಿಗೆ ಸಿಕ್ಕೀತು, ತೆಳ್ಳಗೆ ಕೊಡೆ’ ಎಂದು ಅತ್ತೆ ಹೇಳುವುದು ಅಕ್ಕರೆಯಿಂದಲೇ. ಆದರೆ ಏಳು ಕಿಲೋ ಕೂಸಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ತಾಯಿಹಾಲಿನ 100 ಮಿ.ಲೀ.ಯಲ್ಲಿ 65–70 ಕಿಲೊಕ್ಯಾಲರಿ ಇದ್ದರೆ ಗಂಜಿ ತಿಳಿಯಲ್ಲಿ ಅದರ ಅರ್ಧವೂ ಇಲ್ಲ. ತಿಳಿ ಕುಡಿಸಿದರೆ ಒಳ್ಳೆಯ ಹಾಲಿನ ಜಾಗಕ್ಕೆ ನೀರು ತುಂಬಿದಂತೆ. ಕುಚ್ಚಲಕ್ಕಿ ಗಂಜಿಯೇ ಆಗಲಿ, ಅಗುಳನ್ನು ತೊವ್ವೆಯ ಜೊತೆ ನುಣ್ಣಗೆ ಕಿವುಚಿ ಕೊಡಿ. ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನ ಜಾರಬೇಕು. ಕೂಸು ಓಕರಿಸುತ್ತಾ ಸದ್ದು ಮಾಡಿದರೆ ಹೆದರಬೇಡಿ, ಅದು ಗಂಟಲು ತನ್ನನ್ನು ಕಾಯುವ ರೀತಿ. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಮಾತ್ರ ಅಪಾಯ. ಹಾಗಾಗಿ ಕೂರಿಸಿಯೇ ತಿನ್ನಿಸಬೇಕು, ಮಲಗಿಸಿ ಬಾಯಿಗೆ ಹೊಯ್ಯಬಾರದು.

ರಾಗಿ ಮಣ್ಣಿ (ರಾಗಿ ಹಾಲನ್ನು ಕಾಯಿಸಿ ಮಾಡುವ ಗಟ್ಟಿ ಗಂಜಿ) ಮಾಡಲು ರಾಗಿ ಅರೆದು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವ ಪದ್ಧತಿಯಿದೆ. ನುಣುಪು ಚೆನ್ನ, ಆದರೆ ಎಸೆಯುವ ಚರಟದೊಡನೆ ಕಬ್ಬಿಣ, ಸುಣ್ಣದ ಅಂಶಗಳೂ ಹೋಗುತ್ತವೆ. ಇದಕ್ಕಿಂತ ಮೊಳಕೆ ಹಿಟ್ಟು ಮೇಲು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳೆಸಿ, ಗರಿಗರಿಯಾಗಿ ಒಣಗಿಸಿ ಬೀಸಿ ಸಣ್ಣ ಜರಡಿಯಲ್ಲಿ ಆಡಿಸಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅದೇ ಹದಕ್ಕೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕೆಂಪಗೆ ಹುರಿದರೆ ಈ ಗುಣ ಉಳಿಯದು. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಮುಕ್ಕಾಲು ಲೋಟ ನೀರಾಗುವಂತೆ ಮಾಡಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವಿ. ಇಳಿಸಿ ಅರ್ಧ ಚಮಚ ತುಪ್ಪ ಹಾಕಿ. ವರ್ಷ ತುಂಬುವವರೆಗೆ ಉಪ್ಪು, ಬೆಲ್ಲ ಬೇಡ. ನಮ್ಮ ಮಳೆಗಾಲದಲ್ಲಿ ಮೊಳಕೆ ಒಣಗದೆ ಬೂಷ್ಟು ಹಿಡಿಯುತ್ತದೆ, ಅದು ವಿಷ. ಮೇ ತಿಂಗಳಲ್ಲೇ ಹಿಟ್ಟು ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಇಡೀ ಡಬ್ಬಿ ಎಸೆಯಿರಿ.

ರಾಗಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಹಾಗಾಗಿ ಮೀನು ತಿನ್ನುವ ಮನೆಯಲ್ಲಿ ನೊಗಲಿ (ಕಾಣೆ) ಮೀನನ್ನು ಉಪ್ಪು–ಖಾರವಿಲ್ಲದೆ ಬೇಯಿಸಿ, ಬೆರಳಲ್ಲಿ ತಡವಿ ಮುಳ್ಳು ತೆಗೆದು, ಅನ್ನದ ಜೊತೆ ಏಳನೆಯ ತಿಂಗಳಿಂದಲೇ ಕೊಡಬಹುದು. ಬಂಗಡೆಯ ಸಣ್ಣ ಮುಳ್ಳಿನ ಬಗ್ಗೆ ಎಚ್ಚರ. ಮೀನು ತಿನ್ನದವರು ಕಬ್ಬಿಣ ಮೈಗೆ ಹತ್ತುವಂತೆ ಬೇಳೆಗೆ ಎರಡು ಹನಿ ಲಿಂಬೆ ಹಿಂಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಸಲ, 1 ಮಿ.ಲೀ.ಯಂತೆ ತಪ್ಪಿಸಬೇಡಿ. ವರ್ಷದೊಳಗೆ ಜೇನು ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಬೊಟುಲಿಸಂ ಎಂಬ ರೋಗದ ಬೀಜಾಣು ಕೂಸಿಗೆ ಮಾರಕವಾಗಬಹುದು.

ಮೊದಲಿಗೆ ಎರಡು ಮೂರು ಚಮಚ ಸಾಕು. ಎಂಟನೆಯ ತಿಂಗಳ ಹೊತ್ತಿಗೆ 250 ಮಿ.ಲೀ. ಬಟ್ಟಲಲ್ಲಿ ಅರ್ಧ, ದಿನಕ್ಕೆ ಎರಡು ಮೂರು ಸಲ. ಎರಡು ವರ್ಷದವರೆಗೆ ಮೊಲೆಹಾಲೂ ಇರಲಿ. ಹೊಸ ರುಚಿಯನ್ನು ಕೂಸು ಉಗುಳಿದರೆ ಬೇಡವಾಯಿತೆಂದು ಬಿಡಬೇಡಿ. ಎರಡು ದಿನ ಬಿಟ್ಟು ಅದನ್ನೇ ಕೊಡಿ, ಎಂಟು ಹತ್ತು ಸಲದ ನಂತರ ಹಿಡಿಸುವುದೂ ಉಂಟು.