ಒಂದೂಕಾಲು ವೋಲ್ಟ್ ಎಲ್ಲಿ ಹೋಯಿತು?

ನಮ್ಮ ಗ್ಯಾರೇಜಿಗೆ ಸ್ಪೋರ್ಟ್ಸ್ ಕಾರುಗಳು ಬರುವುದು ಹೆಚ್ಚಾಗಿ ಸೋಮವಾರ. ವಾರವೆಲ್ಲ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿರುತ್ತವೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆ ಒಂದು ಸುತ್ತು. ವಾಪಸ್ ಬರುವಾಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಮೀಟರ್ ಬೋರ್ಡಿನ ಮೇಲೆ ಒಂದೊಂದೇ ಲೈಟು ಹತ್ತಿಕೊಳ್ಳುತ್ತದೆ. ಓನರ್ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತಾರೆ: "ಯಾವ ಪಾರ್ಟ್ ಹೋಗಿದೆ, ಎಷ್ಟಾಗುತ್ತೆ?"

ಫೋಟೊ ನೋಡಿಯೇ ಪಾರ್ಟ್ ಹೇಳಿಬಿಡುವವರಿದ್ದಾರೆ. ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕಾರಿನ ಎಲೆಕ್ಟ್ರಿಕಲ್ ಕೆಲಸವೇ ನನ್ನ ಹೊಟ್ಟೆಪಾಡು. ಅದರಲ್ಲೂ ಯುರೋಪಿನ ಎರಡು ಬಾಗಿಲಿನ ಕಾರುಗಳೇ ಜಾಸ್ತಿ. ಎಷ್ಟೋ ಸಲ ಲೈಟು ಹತ್ತಿರುವುದು ಒಂದರದ್ದು, ಕೆಟ್ಟಿರುವುದು ಇನ್ನೊಂದು. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟು ಹತ್ತಿತು ಅಂದರೆ ಎಬಿಎಸ್ ಸದ್ಯ ಕೆಲಸ ನಿಲ್ಲಿಸಿದೆ ಅಂತ ಮಾತ್ರ ಗೊತ್ತಾಗುತ್ತದೆ. ಯಾಕೆ ನಿಲ್ಲಿಸಿತು? ಚಕ್ರದ ಸೆನ್ಸರ್ ಸುಮ್ಮನಾಗಿರಬಹುದು. ಕರೆಂಟ್ ಸಾಲದೆ ಇರಬಹುದು. ಪಕ್ಕದ ಮಾಡ್ಯೂಲ್, ಅಂದರೆ ಕಾರಿನ ಒಂದೊಂದು ಕೆಲಸ ನೋಡಿಕೊಳ್ಳುವ ಚಿಕ್ಕ ಕಂಪ್ಯೂಟರ್ ಡಬ್ಬಿ, ಮಾತಾಡದೆ ಇರಬಹುದು. ಲೈಟು ನೋಡಿದರೆ ಮೂರೂ ಒಂದೇ ತರ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ, ಓನರ್‌ಗಳಿಗೆ ಬೇಕಾಗುವುದು ಇಷ್ಟೇ. ಓಡುತ್ತಿರುವಾಗ ಕೆಂಪು ಬಣ್ಣದಲ್ಲಿ ಆಯಿಲ್ ಪ್ರೆಷರ್ ಅಥವಾ ಟೆಂಪರೇಚರ್ ಬಂದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. "ಮನೆ ಹತ್ತಿರಾನೇ ಇತ್ತು ಸಾರ್" ಅನ್ನುವ ಮಾತಿಗೆ ಇಂಜಿನ್ ಕನಿಕರ ತೋರಿಸುವುದಿಲ್ಲ. ಹಳದಿ ಚೆಕ್ ಇಂಜಿನ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಬರಬಹುದು. ಅದೇ ಲೈಟು ಮಿಣಮಿಣ ಮಿಂಚುತ್ತಿದ್ದರೆ ಮಿಸ್‌ಫೈರ್ ಇದೆ ಅಂತ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆಗ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲ ಮುಗಿದ ಮೇಲೆ ಒಂದು ಕಾರು ಬಂತು. ಎರಡು ಸೀಟು, ಬಟ್ಟೆಯ ಟಾಪು, ಇಂಜಿನ್ ಸೀಟಿನ ಹಿಂದೆ, ಬ್ಯಾಟರಿ ಮುಂದೆ. ಕಂಪನಿ ಹೆಸರು ಬೇಡ, ಇದು ಯಾವ ಕಾರಿಗೂ ಆಗಬಹುದಾದದ್ದು. ದೂರುಗಳು ಇಷ್ಟು: ಎಬಿಎಸ್ ಲೈಟು, ಟ್ರಾಕ್ಷನ್ (ಚಕ್ರ ಜಾರದಂತೆ ತಡೆಯುವುದು) ಲೈಟು, ಒಮ್ಮೊಮ್ಮೆ ಸ್ಟೀರಿಂಗ್ ಲೈಟು, ಟಾಪು ಮಡಚುತ್ತಿಲ್ಲ, ಬಿಸಿಯಾದ ಮೇಲೆ ಸೆಲ್ಫ್ ಎತ್ತುವುದಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಎಲ್ಲವೂ ಸರಿ. ಸಂಜೆ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ. ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಎಬಿಎಸ್ ಮಾಡ್ಯೂಲ್ ಬದಲಾಯಿಸಬೇಕು ಅಂತ ಲಕ್ಷಗಳ ಲೆಕ್ಕ ಬರೆದುಕೊಟ್ಟಿದ್ದರು. ಅದಕ್ಕೂ ಮೊದಲು ಹೊಸ ಬ್ಯಾಟರಿ ಹಾಕಿಸಿದ್ದರಂತೆ. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ.

ನನ್ನ ಕಿವಿ ನಿಮಿರಿದ್ದು ಆ ಬ್ಯಾಟರಿ ಮಾತಿಗೆ. ಹೊಸ ಬ್ಯಾಟರಿ ಸ್ವಲ್ಪ ದಿನ ಕಾರನ್ನು ಸರಿಮಾಡಿತು ಅಂದರೆ, ಆ ಬ್ಯಾಟರಿ ಅಂಗಡಿಯಿಂದ ತುಂಬಿಸಿಕೊಂಡು ಬಂದ ಚಾರ್ಜನ್ನು ಖರ್ಚು ಮಾಡುತ್ತಾ ಹೋಯಿತು ಅಂತ ಅರ್ಥ. ವಾಪಸ್ ತುಂಬುತ್ತಿಲ್ಲ.

ಮೊದಲು ಸ್ಕ್ಯಾನರ್ ಹಾಕಿದೆ. ಆನ್‌ಲೈನಲ್ಲಿ ಸಿಗುವ ಚಿಕ್ಕ ಬ್ಲೂಟೂತ್ ಡಾಂಗಲ್ ಸಾಮಾನ್ಯವಾಗಿ ಇಂಜಿನ್ನಿನ ದೋಷದ ಕೋಡ್ ಮಾತ್ರ ಓದುತ್ತದೆ. ಎಬಿಎಸ್, ಏರ್‌ಬ್ಯಾಗ್, ಟಾಪು ಇವೆಲ್ಲ ಓದಲು ಆ ಕಂಪನಿಯ ಕಾರಿಗೆ ಹೊಂದುವ ಸ್ಕ್ಯಾನರೇ ಬೇಕು. ಕೋಡುಗಳು ಉದ್ದಕ್ಕೆ ಬಂದವು. ಎಬಿಎಸ್ ಜೊತೆ ಸಂಪರ್ಕ ಇಲ್ಲ ಅನ್ನುವ ಯು0121. ಸಿಸ್ಟಮ್ ವೋಲ್ಟೇಜ್ ಕಡಿಮೆ ಅನ್ನುವ ಪಿ0562. ಸ್ಟೀರಿಂಗಿನಲ್ಲಿ, ಟಾಪಿನಲ್ಲಿ ಅಂತಹವೇ ಇನ್ನಷ್ಟು. ಕೋಡ್ ಏನು ಹೇಳುತ್ತದೆ ಅನ್ನುವುದಕ್ಕಿಂತ ಮೊದಲು ನಾನು ನೋಡುವುದು ಅದು ಯಾವಾಗ ಬಂತು ಅನ್ನುವುದನ್ನು. ಎಷ್ಟೋ ಕಾರುಗಳು ಕೋಡಿನ ಜೊತೆಗೆ ಆ ಹೊತ್ತಿನ ಕಿಲೋಮೀಟರ್, ಸ್ಪೀಡ್, ವೋಲ್ಟೇಜ್ ಕೂಡ ಬರೆದಿಟ್ಟುಕೊಳ್ಳುತ್ತವೆ. ಇಲ್ಲಿ ಬೇರೆ ಬೇರೆ ಮಾಡ್ಯೂಲ್‌ಗಳ ಕೋಡುಗಳು ಒಂದೇ ಕಿಲೋಮೀಟರಿನಲ್ಲಿ ಬಿದ್ದಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಡಬ್ಬಿಗಳು ಒಂದೇ ಗಳಿಗೆಯಲ್ಲಿ ಕೆಡುವುದುಂಟಾ? ಇಲ್ಲ. ಅವೆಲ್ಲಕ್ಕೂ ಸಮಾನವಾಗಿರುವುದು ಎರಡೇ: ಕರೆಂಟು ಮತ್ತು ಮಾತಾಡುವ ವೈರು.

ಮಾತಾಡುವ ವೈರು ಅಂದರೆ ಕ್ಯಾನ್ ಬಸ್. ಬಾಷ್ ಕಂಪನಿ 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಇದನ್ನು ಹೊರಗೆ ತಂದಿತು. ಅದಕ್ಕೂ ಮೊದಲು ಒಂದೊಂದು ಕೆಲಸಕ್ಕೆ ಒಂದೊಂದು ವೈರು ಎಳೆಯುತ್ತಿದ್ದರು. ಈಗ ಹೆಣೆದ ಎರಡು ವೈರಿನ ಮೇಲೆ ಎಲ್ಲರೂ ಎಲ್ಲರಿಗೂ ಸುದ್ದಿ ಕೊಡುತ್ತಾರೆ. ಚಕ್ರ ಎಷ್ಟು ಸ್ಪೀಡಲ್ಲಿ ತಿರುಗುತ್ತಿದೆ ಅಂತ ಎಬಿಎಸ್ ಹೇಳುತ್ತದೆ. ಅದನ್ನೇ ಸ್ಪೀಡೋಮೀಟರ್ ಕೇಳುತ್ತದೆ, ಸ್ಟೀರಿಂಗ್ ಕೇಳುತ್ತದೆ, ಟಾಪು ಕೂಡ ಕೇಳುತ್ತದೆ. ಕಾರು ನಿಂತಿದೆಯೋ ಓಡುತ್ತಿದೆಯೋ ಗೊತ್ತಾಗದಿದ್ದರೆ ಟಾಪು ಅಲ್ಲಾಡುವುದಿಲ್ಲ. ಈ ಕಾರಿನಲ್ಲಿ ಟಾಪಿನ ಮೋಟರ್ ಚೆನ್ನಾಗೇ ಇತ್ತು. ಎಬಿಎಸ್ ಸುಮ್ಮನಾದ ಹೊತ್ತಿನಲ್ಲಿ ಅದಕ್ಕೆ ಸ್ಪೀಡಿನ ಸುದ್ದಿ ಸಿಗುತ್ತಿರಲಿಲ್ಲ ಅಷ್ಟೆ.

ಕ್ಯಾನ್ ನೋಡುವುದು ಸುಲಭ. ಬ್ಯಾಟರಿ ಕಳಚಿ, ಒಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ನಿನ ನಡುವೆ ಓಮ್ ನೋಡಬೇಕು. ಎರಡು ತುದಿಯಲ್ಲೂ 120 ಓಮಿನ ರೆಸಿಸ್ಟರ್ ಇರುತ್ತದೆ, ಒಟ್ಟಿಗೆ 60 ತೋರಿಸಬೇಕು. 120 ಬಂದರೆ ಎಲ್ಲೋ ಒಂದು ಕಡೆ ಕಟ್ ಆಗಿದೆ, ಸೊನ್ನೆ ಹತ್ತಿರ ಬಂದರೆ ಎರಡೂ ವೈರು ತಾಕಿಕೊಂಡಿವೆ. ಹೊಸ ಕಾರುಗಳಲ್ಲಿ ನಡುವೆ ಗೇಟ್‌ವೇ ಮಾಡ್ಯೂಲ್ ಕೂತಿರುತ್ತದೆ. ಅಲ್ಲಿ ಸಾಕೆಟ್ಟಿನಲ್ಲಿ ಸಿಗುವ ಲೆಕ್ಕ ಒಳಗಿನ ವೈರಿನದ್ದಲ್ಲ, ಅದನ್ನು ನಂಬಬೇಡಿ. ಈ ಕಾರಿನಲ್ಲಿ 60 ಸರಿಯಾಗಿ ಬಂತು. ಉಳಿದದ್ದು ಕರೆಂಟು.

ಇಂಜಿನ್ ಬಿಸಿಯಾಗುವ ತನಕ ಓಡಿಸಿದೆ. ಎಸಿ, ಹೆಡ್‌ಲೈಟು, ಹಿಂದಿನ ಗಾಜಿನ ಹೀಟರ್, ಬ್ಲೋವರ್ ಎಲ್ಲ ಆನ್. ಇದು ಮುಖ್ಯ. ಲೋಡ್ ಇಲ್ಲದೆ ನೋಡಿದರೆ ಕೆಟ್ಟ ಕೇಬಲ್ ಕೂಡ ಒಳ್ಳೆ ಮಾರ್ಕ್ಸ್ ತೆಗೆಯುತ್ತದೆ. ಡೈನಮೊ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್) ಹತ್ತಿರ ಮಲ್ಟಿಮೀಟರ್ ಇಟ್ಟರೆ 14.3 ವೋಲ್ಟ್. ಬ್ಯಾಟರಿ ಹತ್ತಿರ ಇಟ್ಟರೆ 13.0. ಡೈನಮೊ ಕೊಡುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. ಹೆಚ್ಚುಕಡಿಮೆ ಒಂದೂಕಾಲು ವೋಲ್ಟ್ ದಾರಿಯಲ್ಲೇ ಎಲ್ಲೋ ಸೋರಿಹೋಗುತ್ತಿದೆ.

ಅದನ್ನು ಹುಡುಕುವ ರೀತಿ ಹೀಗೆ. ಮೀಟರನ್ನು ವೋಲ್ಟಿನಲ್ಲೇ ಇಡಬೇಕು. ಒಂದು ಕಡ್ಡಿ ಕೇಬಲ್ಲಿನ ಈ ತುದಿಗೆ, ಇನ್ನೊಂದು ಆ ತುದಿಗೆ. ಪಾಸಿಟಿವ್‌ನಿಂದ ಪಾಸಿಟಿವ್‌ಗೆ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ. "ಎರಡೂ ಪ್ಲಸ್ಸೇ ಅಲ್ವಾ ಅಣ್ಣ, ಸೊನ್ನೆ ತಾನೇ ಬರೋದು?" ಅಂತ ನಮ್ಮ ಹುಡುಗ ಕೇಳಿದ. ಒಳ್ಳೆ ಕೇಬಲ್ ಆಗಿದ್ದರೆ ಸೊನ್ನೆ ಹತ್ತಿರವೇ ಬರುತ್ತದೆ. ಬಂದಷ್ಟೂ ಅಲ್ಲೇ ಕಳೆದುಹೋಗುತ್ತಿರುವ ವೋಲ್ಟೇಜ್. ಕಾರು ಸ್ಟಾರ್ಟಿನಲ್ಲಿ ಇರುವುದರಿಂದ ಫ್ಯಾನು, ಬೆಲ್ಟು, ಸೈಲೆನ್ಸರ್ ಪೈಪು ನೋಡಿಕೊಂಡು ಕೈ ಹಾಕಬೇಕು. ಸ್ಪೋರ್ಟ್ಸ್ ಕಾರಿನ ಇಂಜಿನ್ ಬೇ ಒಳಗೆ ಕೈ ತೂರಿಸುವ ಜಾಗವೇ ಇರುವುದಿಲ್ಲ. ನಾನು ಉದ್ದನೆಯ ವೈರಿಗೆ ಕ್ಲಿಪ್ ಕಟ್ಟಿಟ್ಟುಕೊಂಡಿದ್ದೇನೆ, ಇಂಜಿನ್ ಆಫ್ ಇದ್ದಾಗಲೇ ಸಿಕ್ಕಿಸಿ ಮೀಟರನ್ನು ಹೊರಗಿಟ್ಟು ಓದುತ್ತೇನೆ.

ಅರ್ಥ್ ಕಡೆ ಮೊದಲು ನೋಡಿದೆ. ಡೈನಮೊ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ 0.05. ಚೆನ್ನಾಗಿದೆ. ಪಾಸಿಟಿವ್ ಕಡೆ ಒಟ್ಟು 1.25. ಆಮೇಲೆ ದಾರಿಯನ್ನು ತುಂಡು ತುಂಡಾಗಿ ನೋಡುತ್ತಾ ಹೋದೆ. ಬ್ಯಾಟರಿಯಿಂದ ಮುಂದಿನ ಜಂಕ್ಷನ್ ತನಕ 0.04. ಅಲ್ಲಿಂದ ಕಾರಿನ ಹೊಟ್ಟೆ ಕೆಳಗೆ ಹಾದು ಸೆಲ್ಫ್ ಮೋಟರಿನ ತನಕ 0.09. ಸೆಲ್ಫ್ ಮೋಟರಿನಿಂದ ಡೈನಮೊಗೆ ಒಂದು ಮೊಳದಷ್ಟು ಕೇಬಲ್, ಅದರಲ್ಲಿ 1.12.

ನೋಡುವುದಕ್ಕೆ ಆ ಕೇಬಲ್ ಹೊಸದರ ಹಾಗೆ ಇತ್ತು. ಮೇಲೆ ಕಪ್ಪು ಸ್ಲೀವ್, ನಟ್ಟು ಬಿಗಿ. ಬ್ಯಾಟರಿ ಕಳಚಿ, ಕೇಬಲ್ ಬಿಚ್ಚಿ ಓಮಿನಲ್ಲಿ ನೋಡಿದರೆ ಮೀಟರ್ 0.2 ತೋರಿಸಿತು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೂ ಅದೇ 0.2. ಮೋಸ ಆಗುವುದು ಇಲ್ಲೇ. ಮೊದಲು ಲೋಡ್ ಹಾಕಿ ನೋಡಿದಾಗ ಆ ಕೇಬಲ್ಲಿನಲ್ಲಿ ಸುಮಾರು 75 ಆಂಪಿಯರ್ ಹರಿಯುತ್ತಿದ್ದದ್ದನ್ನು ಕ್ಲ್ಯಾಂಪ್ ಮೀಟರ್ ತೋರಿಸಿತ್ತು. 1.12 ವೋಲ್ಟನ್ನು 75ರಿಂದ ಭಾಗಿಸಿದರೆ 0.015 ಓಮ್. ಸಾಮಾನ್ಯ ಮೀಟರಿಗೆ ಇಷ್ಟು ಸಣ್ಣ ಲೆಕ್ಕ ಕಾಣುವುದೇ ಇಲ್ಲ. ಆದರೆ 75 ಆಂಪಿಯರ್ ಹರಿದಾಗ ಅಷ್ಟೇ ಜಾಗದಲ್ಲಿ 84 ವಾಟ್ ಬಿಸಿ ಹುಟ್ಟುತ್ತದೆ. ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬೇ 55 ವಾಟು. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ರೆಸಿಸ್ಟೆನ್ಸ್ ಜಾಸ್ತಿಯಾದಷ್ಟೂ ಬಿಸಿ. ಬೆಳಗ್ಗೆ ಸರಿ ಇದ್ದ ಕಾರು ಸಂಜೆ ಕೆಡುತ್ತಿದ್ದ ಗುಟ್ಟು ಇದೇ. ತಣ್ಣಗಿರುವಾಗ ತೋರಿಸಿದರೆ ಯಾವ ಗ್ಯಾರೇಜಿನಲ್ಲೂ ಏನೂ ಸಿಗುವುದಿಲ್ಲ.

ಸ್ಲೀವ್ ಸೀಳಿ ನೋಡಿದೆವು. ಲಗ್ಗಿನ (ಕೇಬಲ್ ತುದಿಯಲ್ಲಿ ನಟ್ಟಿಗೆ ಸಿಕ್ಕಿಸುವ ಬಳೆ) ಒಳಗೆ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಬೆರಳಿಂದ ಉಜ್ಜಿದರೆ ಪುಡಿ ಉದುರಿತು. ನೀರು ಎಲ್ಲಿಂದ ಬಂತು? ಕಾರಿನ ಟಾಪಿನ ಹಿಂದೆ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಆ ಓನರ್ ಆಫೀಸಿನ ಹತ್ತಿರ ಕಾರು ನಿಲ್ಲಿಸುತ್ತಿದ್ದದ್ದು ಮಳೆಮರದ ಕೆಳಗೆ. ಅದರ ಎಲೆ ಚಿಕ್ಕದು, ಹೂವಿನ ಎಳೆ ಇನ್ನೂ ಸಣ್ಣ. ತೂತಿನಲ್ಲಿ ಕೂತು ಗೊಬ್ಬರವೇ ಆಗಿತ್ತು. ನೀರು ತನ್ನ ದಾರಿ ಬಿಟ್ಟು ಇಂಜಿನ್ ಕಡೆ ಇಳಿದಿತ್ತು.

ಕೇಬಲ್ ಹೊಸದು ಹಾಕಿದೆವು. ಜೆಸಿ ರೋಡಿನಲ್ಲಿ ಅಳತೆ ಕೊಟ್ಟರೆ ಮಾಡಿಕೊಡುವವರಿದ್ದಾರೆ. ಆದರೆ ಸೈಲೆನ್ಸರ್ ಪಕ್ಕದಲ್ಲಿ ಹಾದುಹೋಗುವ ಕೇಬಲ್ಲಿಗೆ ಬಿಸಿ ತಡೆಯುವ ಹೊದಿಕೆ ಬೇಕು, ಅದಕ್ಕೇ ಕಂಪನಿಯದ್ದೇ ತರಿಸಿದೆ. ಲೋಡ್ ಹಾಕಿ ಮತ್ತೆ ನೋಡಿದಾಗ ಅದೇ ತುಂಡಿನಲ್ಲಿ 0.03. ಬ್ಯಾಟರಿ ಹತ್ತಿರ 14.1. ಕೋಡುಗಳನ್ನು ಅಳಿಸಿ, ಎಸಿ ಹಾಕಿಕೊಂಡು ಸಂಜೆಯ ಜಾಮ್‌ನಲ್ಲೇ ಓಡಿಸಿದೆ. ಒಂದೂ ವಾಪಸ್ ಬರಲಿಲ್ಲ. ಸೆಲ್ಫ್ ಬಿಸಿಯಲ್ಲೂ ಒಂದೇ ಸಲಕ್ಕೆ ಎತ್ತಿತು. ಟಾಪು ಮಡಚಿತು. ಎಬಿಎಸ್ ಮಾಡ್ಯೂಲ್ ಹಳೆಯದೇ ಇದೆ.

ಎಲ್ಲ ಲೈಟಿಗೂ ಕೇಬಲ್ಲೇ ಕಾರಣ ಅಂತ ಹೇಳುತ್ತಿಲ್ಲ. ಒಂದೇ ಲೈಟು, ಅದೂ ಹೊರಟು ಇಪ್ಪತ್ತು ಕಿಲೋಮೀಟರ್ ಸ್ಪೀಡ್ ಮುಟ್ಟುವಷ್ಟರಲ್ಲಿ ಹತ್ತುವ ಎಬಿಎಸ್ ಲೈಟಾದರೆ ನಾನು ಮೊದಲು ಕೇಳುವುದು "ಈಚೆಗೆ ವೀಲ್ ಬೇರಿಂಗ್ ಬದಲಾಯಿಸಿದಿರಾ?" ಅಂತ. ಈಗಿನ ಎಷ್ಟೋ ಬೇರಿಂಗುಗಳಲ್ಲಿ ಒಂದು ಬದಿಗೆ ಅಯಸ್ಕಾಂತದ ಪಟ್ಟಿ ಇರುತ್ತದೆ, ಸೆನ್ಸರ್ ಓದುವುದು ಅದನ್ನೇ. ಬರಿಗಣ್ಣಿಗೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ. ಉಲ್ಟಾ ಕೂರಿಸಿದರೆ ಚಕ್ರ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಹಾಗೆಯೇ ಟೈರು. ಹಿಂದೆ ಅಗಲ, ಮುಂದೆ ಕಿರಿದು ಇರುವ ಕಾರುಗಳಿಗೆ ಒಂದು ಜೊತೆ ಮಾತ್ರ ಬೇರೆ ಸೈಜು ಹಾಕಿಸಿದರೆ ಚಕ್ರಗಳ ಲೆಕ್ಕ ತಾಳೆಯಾಗದೆ ಟ್ರಾಕ್ಷನ್ ಲೈಟು ಬರಬಹುದು.

ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಎರಡು ಮಾತು. ಕಾರು ಲಾಕ್ ಮಾಡಿ ಮಲಗಿದ ಮೇಲೂ ಸುಮಾರು 50 ಮಿಲಿ ಆಂಪಿಯರ್ ತನಕ ಎಳೆಯುವುದು ಮಾಮೂಲು. ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ಎಪ್ಪತ್ತರ ಬ್ಯಾಟರಿ ಅರ್ಧ ಖಾಲಿ, ಅದೂ ಏನೂ ಕೆಡದೆ. ಪ್ಲಗ್ ಪಾಯಿಂಟ್ ಇದ್ದರೆ ಒಂದು ಮೇಂಟೇನರ್ ಚಾರ್ಜರ್ ಹಾಕಿಡಿ. ಇನ್ನೊಂದು ಇಲಿ. ಬಾನೆಟ್ಟಿನ ಒಳಗೆ ಹೊಗೆಸೊಪ್ಪು ಕಟ್ಟುವವರು, ನುಸಿಗುಳಿಗೆ ಇಡುವವರು ಬೇಕಾದಷ್ಟು ಜನ. ನಾನು ಹೊಗೆಸೊಪ್ಪಿನ ಪಕ್ಕದಲ್ಲೇ ಕಡಿದ ವೈರು ನೋಡಿದ್ದೇನೆ.

ಕೆಲಸ ಕಲಿಯುವ ಹುಡುಗರಿಗೂ ಒಂದು ಹೇಳಬೇಕು. ಏರ್‌ಬ್ಯಾಗಿನ ಹಳದಿ ಕಪ್ಲರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ, ಓಮ್ ಮೀಟರ್ ಕೂಡ ಬೇಡ. ಅಷ್ಟು ಕರೆಂಟಿಗೇ ಅದು ಸಿಡಿಯಬಹುದು. ಬ್ಯಾಟರಿ ಕಳಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕಿ.

ಬಿಲ್ ಕೊಟ್ಟಾಗ ಆ ಓನರ್ ಕೇಳಿದರು: "ಒಂದು ಮೊಳ ಕೇಬಲ್ಲಿಗೆ ಇಷ್ಟಾ ಮೇಸ್ತ್ರಿ?" ಕೇಬಲ್ಲಿನ ದುಡ್ಡು ಬೇರೆ, ಹುಡುಕಿದ ದುಡ್ಡು ಬೇರೆ ಅಂತ ಬಿಡಿಸಿ ಹೇಳಿದೆ. ಅವತ್ತಿನಿಂದ ಬಿಲ್ಲಿನಲ್ಲಿ ಒಂದು ಸಾಲು ಜಾಸ್ತಿ ಬರೆಯುತ್ತೇನೆ: ಲೋಡ್ ಹಾಕಿ ನೋಡಿದ್ದು, ಮೊದಲು ಎಷ್ಟು, ಆಮೇಲೆ ಎಷ್ಟು. ಆ ಬಿಲ್ಲಿನಲ್ಲಿ 1.12 ಮತ್ತು 0.03 ಅಂತ ಬರೆದಿತ್ತು. ಅವರು ಎರಡನ್ನೂ ಒಮ್ಮೆ ನೋಡಿ, ಎಬಿಎಸ್ ಮಾಡ್ಯೂಲಿನ ಹಳೆಯ ಎಸ್ಟಿಮೇಟನ್ನು ಜೇಬಿನಿಂದ ತೆಗೆದು ಇನ್ನೊಮ್ಮೆ ನೋಡಿ, ಗೂಗಲ್ ಪೇ ಮಾಡಿದರು.